ಕೊಂಡ ಮೇಲೂ ಗೇಣಿ ಏಕೆ?

(ಹೆಗಡೆಕಟ್ಟಾದಲ್ಲಿ ಕೂಡಿದ್ದ ರೈತರು, ಗಿರಣಿ ಕೆಲಸಗಾರರು ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಮಾತಾಡಬೇಕಾದ ವಿಷಯವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಅದು ನಿಮ್ಮೆಲ್ಲರ ಕಿಸೆಯಲ್ಲಿಯೇ ಇದೆ. ಅಡಿಕೆಯ ಧಾರಣೆ ತಿಳಿಯುವುದಕ್ಕೆ, ಬೆಂಗಳೂರಿನಲ್ಲಿರುವ ಮಗನ ಕ್ಷೇಮ ಕೇಳುವುದಕ್ಕೆ, ಅಂಗಡಿಗೆ ಬಂದ ಗಿರಾಕಿಯ ಹಣ ಜಮೆ ಆಯಿತೋ ಇಲ್ಲವೋ ನೋಡುವುದಕ್ಕೆ, ರೇಶನ್ನಿಗೆ, ಪಿಂಚಣಿಗೆ, ಎಲ್ಲದಕ್ಕೂ ಈಗ ಮೊಬೈಲು ಬೇಕು. ಅದು ಬೇಡವೆಂದು ಹೇಳುವುದಕ್ಕೆ ನಾನು ಬಂದಿಲ್ಲ. ಹಣ ಕೊಟ್ಟು ಕೊಂಡ ಈ ವಸ್ತುವಿಗೆ ಒಡೆಯರು ಯಾರು? ಕೊಂಡವರೋ, ಮಾರಿದವರೋ? ನನ್ನ ಪ್ರಶ್ನೆ ಇದೊಂದೇ.

ಇದೆಂಥ ಪ್ರಶ್ನೆ ಮಾಸ್ತರೇ, ಕೊಂಡವನೇ ಒಡೆಯ ಎಂದು ನೀವು ಹೇಳುತ್ತೀರಿ. ನ್ಯಾಯವಾಗಿ ನೋಡಿದರೆ ಹಾಗೆಯೇ ಇರಬೇಕು. ಆದರೆ ಹಾಗಿಲ್ಲ.

ಗೇಣಿ ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಅಜ್ಜಂದಿರು ಉತ್ತರು, ಬಿತ್ತರು, ಬೆಳೆದರು. ಆದರೆ ಗದ್ದೆ ಅವರದಾಗಿರಲಿಲ್ಲ. ಸಿದ್ದಾಪುರದ ಆಚೆಗೆ, ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಜಗಳದ ಮೂಲವಾಗಿದ್ದದ್ದು ಯಾವುದು? ಭತ್ತ ಅಳೆಯುವ ಕೊಳಗ. ರೂಢಿಯ ಕೊಳಗ ಒಂದಾದರೆ, ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದು. ಬೆಳೆದವನು ಒಬ್ಬ, ಅಳತೆಯ ಪಾತ್ರೆ ಇನ್ನೊಬ್ಬನ ಕೈಯಲ್ಲಿ. ಗಣಪತಿಯಪ್ಪನವರು ರೈತರನ್ನು ಕೂಡಿಸಿದರು, ಗೋಪಾಲಗೌಡರು ಬೆನ್ನಿಗೆ ನಿಂತರು, ಲೋಹಿಯಾ ಅವರೇ ಬಂದು ಸೆರೆಯಾದರು. 1974ರ ಮಾರ್ಚಿನಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದು ಉಳುವವನಿಗೆ ಹೊಲ ಸಿಕ್ಕಿತು. ಆ ಹಳೆಯ ಕತೆಯನ್ನು ಇಲ್ಲಿ ಏಕೆ ತೆಗೆದೆನೆಂದರೆ, ಈ ಕಾಲದ ಯಂತ್ರದೊಳಗೂ ಒಂದು ಕೊಳಗವಿದೆ. ಅದರ ಹೆಸರು ಸಾಫ್ಟ್‌ವೇರ್. ಯಂತ್ರ ಏನು ಮಾಡಬೇಕು, ಏನು ಮಾಡಬಾರದು, ಯಾವಾಗ ನಿಲ್ಲಬೇಕು ಎಂಬುದನ್ನು ಅದು ಗೊತ್ತುಮಾಡುತ್ತದೆ. ಆ ಕೊಳಗ ಕಂಪೆನಿಯ ಕೈಯಲ್ಲಿದೆ.

ತೋಟದವರಿಗೆ ಇನ್ನೊಂದು ಉದಾಹರಣೆ ಹೇಳಿದರೆ ಬೇಗ ತಿಳಿದೀತು. ನಮ್ಮ ಸೊಪ್ಪಿನ ಬೆಟ್ಟ ಸರಕಾರದ್ದು. ಸೊಪ್ಪು, ದರಕು ತರುವ ಹಕ್ಕು ಮಾತ್ರ ತೋಟದವರದ್ದು. ಇದು ಎಲ್ಲರಿಗೂ ಮೊದಲಿನಿಂದ ಗೊತ್ತು, ಯಾರೂ ಬೆಟ್ಟಕ್ಕೆ ಕ್ರಯ ಕೊಟ್ಟಿಲ್ಲ. ಆದರೆ ಫೋನಿಗೆ ನಾವು ಪೂರ್ತಿ ಕ್ರಯ ಕೊಟ್ಟಿದ್ದೇವೆ. ಕ್ರಯ ತೆಗೆದುಕೊಂಡು ಬೆಟ್ಟದ ಹಕ್ಕು ಕೊಡುವುದು ಯಾವ ನ್ಯಾಯ? ಫೋನು ಮೊದಲ ಸಲ ಚಾಲೂ ಮಾಡುವಾಗ ಒಂದು ಉದ್ದನೆಯ ಕರಾರು ಬರುತ್ತದೆ. ಒಪ್ಪಿದೆ ಎಂದು ಒತ್ತಿದರೆ ಮಾತ್ರ ಫೋನು ನಡೆಯುತ್ತದೆ. ನಮ್ಮಲ್ಲಿ ಅದನ್ನು ಓದಿದವರು ಒಬ್ಬರೂ ಇರಲಿಕ್ಕಿಲ್ಲ. ಒಳಗಿನ ಸಾಫ್ಟ್‌ವೇರನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಿಗೆ ಮಾತ್ರ ಕೊಟ್ಟಿದ್ದೇವೆ ಎಂದು ಅದರಲ್ಲಿ ಬರೆದಿರುತ್ತದೆ. ಅಂದಮೇಲೆ ಕೊಂಡದ್ದೇನು? ಗಾಜು ಮತ್ತು ತಗಡು.

ಈ ಒಡೆತನವನ್ನು ಕಂಪೆನಿಗಳು ಮೂರು ಬೀಗ ಹಾಕಿ ಕಾಯ್ದುಕೊಂಡಿವೆ.

ಮೊದಲನೆಯದು ಬಿಡಿಭಾಗದ ಬೀಗ. ಹಿಂದೆ ಫೋನಿನ ಬೆನ್ನು ತೆಗೆದು ಬ್ಯಾಟರಿ ಬದಲಿಸುವುದು ಮಕ್ಕಳಿಗೂ ಬರುತ್ತಿತ್ತು. ಈಗ ಅಂಟು ಹಾಕಿ ಮುಚ್ಚಿರುತ್ತಾರೆ. ಶಿರಸಿ ಪೇಟೆಯ ರಿಪೇರಿಯ ಹುಡುಗ ಬಿಸಿಗಾಳಿ ಕೊಟ್ಟು ಜೋಪಾನವಾಗಿ ಬಿಚ್ಚಬಲ್ಲ. ಆದರೆ ಕಂಪೆನಿಯ ಅಸಲು ಬ್ಯಾಟರಿ ಅವನಿಗೆ ಸಿಗುವುದಿಲ್ಲ. ಒಳಗಿನ ನಕ್ಷೆಯನ್ನೂ ಕೊಡುವುದಿಲ್ಲ. ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಹೋಗಿ ಎನ್ನುತ್ತಾರೆ. ನೂರು ಕಿಲೋಮೀಟರು. ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಮತ್ತೆ ತರಲು ಇನ್ನೊಂದು ದಿನ. ಕೊನೆಗೆ ಅಲ್ಲಿ ಹೇಳುವ ಮಾತು: ‘ರಿಪೇರಿಗಿಂತ ಹೊಸದು ತೆಗೆದುಕೊಳ್ಳುವುದೇ ಒಳ್ಳೆಯದು.’

ಎರಡನೆಯದು ಸಾಫ್ಟ್‌ವೇರಿನ ಬೀಗ. ಇದು ಹೊಸ ವಿದ್ಯೆ. ಒಂದೇ ಕಂಪೆನಿಯ, ಒಂದೇ ಮಾದರಿಯ ಎರಡು ಫೋನು ತೆಗೆದುಕೊಳ್ಳಿ. ಒಂದರ ಪರದೆ ಬಿಚ್ಚಿ ಇನ್ನೊಂದಕ್ಕೆ ಹಾಕಿ. ಭಾಗ ಅಸಲು, ಜೋಡಣೆ ಸರಿ. ಆದರೂ ‘ಈ ಭಾಗದ ಗುರುತು ಸಿಗಲಿಲ್ಲ’ ಎಂದು ಕೆಲವು ಫೋನುಗಳು ಹಟ ಹಿಡಿಯುತ್ತವೆ, ಕೆಲವು ಸೌಕರ್ಯ ನಿಲ್ಲಿಸುತ್ತವೆ. ಪ್ರತಿ ಭಾಗಕ್ಕೂ ಒಂದು ನಂಬರು ಕೊಟ್ಟು, ಆ ನಂಬರಿಗೆ ಕಂಪೆನಿಯ ಅನುಮತಿ ಇದ್ದರೆ ಮಾತ್ರ ಕೆಲಸ ಮಾಡುವಂತೆ ಕಟ್ಟಿರುತ್ತಾರೆ. ಅಮೆರಿಕದ ಆರೆಗನ್ ರಾಜ್ಯ 2024ರಲ್ಲಿ ಕಾಯಿದೆ ಮಾಡಿ ಈ ಪದ್ಧತಿಯನ್ನು ನಿಷೇಧಿಸಿತು.

ಝೆರಾಕ್ಸ್ ಅಂಗಡಿಯವರು ಈ ಬೀಗವನ್ನು ನನಗಿಂತ ಚೆನ್ನಾಗಿ ಬಲ್ಲರು. ಬೇರೆಯವರು ಮಾಡಿದ ಅಗ್ಗದ ಶಾಯಿಯ ಡಬ್ಬಿ ಹಾಕಿದರೆ ಪ್ರಿಂಟರು ನಿಲ್ಲುತ್ತದೆ. ಎಚ್‌ಪಿ ಕಂಪೆನಿಯ ಅಂದಿನ ಮುಖ್ಯಸ್ಥ ಎನ್ರಿಕ್ ಲೋರೆಸ್ 2024ರ ಜನವರಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು: ಗಿರಾಕಿ ಪ್ರಿಂಟರು ಕೊಂಡಾಗ ಅದು ನಾವು ಅವನ ಮೇಲೆ ಹಾಕಿದ ಬಂಡವಾಳ; ಅವನು ನಮ್ಮ ಶಾಯಿ ಬಳಸದಿದ್ದರೆ ಅದು ಕೆಟ್ಟ ಬಂಡವಾಳ. ಮಿತ್ರರೇ, ಈ ಮಾತಿನ ಅರ್ಥ ನೋಡಿ. ಹಣ ಕೊಟ್ಟವರು ನೀವು, ಬಂಡವಾಳ ಹೂಡಿದವರು ಅವರಂತೆ! ನೀವು ಗಿರಾಕಿಯಲ್ಲ, ಗೇಣಿ ಕೊಡಬೇಕಾದ ಒಕ್ಕಲು.

ಮೂರನೆಯದು ದೂರದ ಕೈ. ವಸ್ತು ನಿಮ್ಮ ಮನೆಯಲ್ಲಿದ್ದರೂ ಕಂಪೆನಿಯ ಕೈ ಅದರೊಳಗೆ ಇರುತ್ತದೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪೆನಿ ತಾನು ಮಾರಿದ್ದ ಕೆಲವು ಪುಸ್ತಕಗಳನ್ನು, ಮಾರುವ ಹಕ್ಕಿನ ತಕರಾರು ಬಂತೆಂದು, ಕೊಂಡವರ ಓದುವ ಯಂತ್ರದಿಂದಲೇ ಅಳಿಸಿಹಾಕಿತು. ಹಣ ವಾಪಸು ಕೊಟ್ಟರು, ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಶೆಟ್ಟರ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಶೆಟ್ಟರು ರಾತ್ರಿ ನಿಮ್ಮ ಮನೆಗೆ ನುಗ್ಗಿ ಒಯ್ದು, ಬೆಳಿಗ್ಗೆ ಹಣ ಇಟ್ಟು ಹೋದರೆ ನೀವು ಸುಮ್ಮನಿರುತ್ತೀರಾ? ಅಳಿಸಿಹೋದ ಪುಸ್ತಕಗಳಲ್ಲಿ ಆರ್ವೆಲ್ ಎಂಬವರ ‘1984’ ಕೂಡ ಒಂದು. ಜನರನ್ನು ಸದಾ ಕಾವಲು ಕಾಯುವ ಆಳ್ವಿಕೆಯ ಕತೆ ಅದು.

ಆ್ಯಪಲ್ ಕಂಪೆನಿಯ ಕತೆ ಇನ್ನೊಂದು. ಹಳೆಯ ಐಫೋನುಗಳ ವೇಗವನ್ನು ತಾನೇ ಸಾಫ್ಟ್‌ವೇರಿನಿಂದ ತಗ್ಗಿಸಿದ್ದಾಗಿ ಅದು 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬ್ಯಾಟರಿ ಹಳತಾದಾಗ ಫೋನು ತಟ್ಟನೆ ಆರಿಹೋಗದಿರಲೆಂದು ಹೀಗೆ ಮಾಡಿದೆವು ಎಂದಿತು. ಇರಲಿ, ಆದರೆ ಕೊಂಡವನಿಗೆ ಹೇಳಲಿಲ್ಲವೇಕೆ? ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ ಎಂದು ಗೊತ್ತಿಲ್ಲದೆ ಎಷ್ಟು ಜನ ಹೊಸ ಫೋನು ಕೊಂಡಿರಬಹುದು? ಫ್ರಾನ್ಸಿನಲ್ಲಿ 2020ರಲ್ಲಿ ಎರಡೂವರೆ ಕೋಟಿ ಯೂರೋ ದಂಡ ಬಿತ್ತು. ಅಮೆರಿಕದಲ್ಲಿ ಅದೇ ವರ್ಷ ಐವತ್ತು ಕೋಟಿ ಡಾಲರಿನ ತನಕ ಕೊಟ್ಟು ರಾಜಿಯಾದರು.

ಟ್ರ್ಯಾಕ್ಟರಿಗೂ ಈ ರೋಗ ತಗಲಿದೆ. 2022ರಲ್ಲಿ ರಶಿಯಾದ ಸೈನಿಕರು ಉಕ್ರೇನಿನ ಮೆಲಿಟೊಪೋಲ್ ಊರಿನ ಅಂಗಡಿಯೊಂದರಿಂದ ಜಾನ್ ಡೀರ್ ಕಂಪೆನಿಯ ಟ್ರ್ಯಾಕ್ಟರು, ಕೊಯ್ಲಿನ ಯಂತ್ರ ಎಲ್ಲ ಕದ್ದು ಚೆಚನ್ಯಾಕ್ಕೆ ಸಾಗಿಸಿದರು. ಅಲ್ಲಿ ಹೋಗಿ ಚಾಲೂ ಮಾಡಿದರೆ ಒಂದೂ ಅಲುಗಲಿಲ್ಲ. ದೂರದಿಂದಲೇ ಬೀಗ ಬಿದ್ದಿತ್ತು. ಕಳ್ಳರಿಗೆ ತಕ್ಕ ಶಾಸ್ತಿಯಾಯಿತೆಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕಳ್ಳನ ಟ್ರ್ಯಾಕ್ಟರು ನಿಲ್ಲಿಸಬಲ್ಲ ಕೈ ರೈತನ ಟ್ರ್ಯಾಕ್ಟರನ್ನೂ ನಿಲ್ಲಿಸಬಲ್ಲದು. ರಿಪೇರಿಯನ್ನು ತನ್ನ ಡೀಲರುಗಳ ಮುಷ್ಟಿಯಲ್ಲೇ ಇಟ್ಟುಕೊಂಡಿದೆಯೆಂದು ಅಮೆರಿಕದ ಸರಕಾರದ ವ್ಯಾಪಾರ ಆಯೋಗವೇ 2025ರ ಜನವರಿಯಲ್ಲಿ ಈ ಕಂಪೆನಿಯ ಮೇಲೆ ದಾವೆ ಹೂಡಿತು. ನಮ್ಮಲ್ಲಿಯೂ ಕಂತು ತಪ್ಪಿದವನ ಫೋನಿಗೆ ದೂರದಿಂದಲೇ ಬೀಗ ಹಾಕಲು ಸಾಲ ಕೊಟ್ಟವರಿಗೆ ಬಿಡಬೇಕೇ ಎಂಬ ವಿಷಯ 2025ರಲ್ಲಿ ರಿಸರ್ವ್ ಬ್ಯಾಂಕಿನ ಮುಂದೆ ಬಂತು. ಕೂಲಿಕಾರನಿಗೆ ಕೆಲಸದ ಕರೆ ಬರುವುದೇ ಆ ಫೋನಿಗೆ. ಅದಕ್ಕೆ ಬೀಗ ಹಾಕಿದರೆ ಕಂತು ಕಟ್ಟಲು ದುಡಿಯುವುದೆಲ್ಲಿಂದ? ಸಾಲಗಾರನ ನೇಗಿಲನ್ನು ಜಪ್ತಿ ಮಾಡಬಾರದೆಂಬ ವಿವೇಕ ಹಳೆಯ ಕಾಯಿದೆಗೂ ಇತ್ತು.

ಅಂಗಡಿಕಾರ ಮಿತ್ರರ ವಿಷಯಕ್ಕೆ ಬರುತ್ತೇನೆ. ಹಣ ಬಂದೊಡನೆ ಕೂಗಿ ಹೇಳುವ ಪೆಟ್ಟಿಗೆ ಈಗ ಬೀಡಾ ಅಂಗಡಿಯಲ್ಲೂ ಇದೆ. ಅದಕ್ಕೆ ಸಾಮಾನ್ಯವಾಗಿ ತಿಂಗಳ ಬಾಡಿಗೆ. ಒಂದು ಕಂಪೆನಿಯ ಪೆಟ್ಟಿಗೆ ಇನ್ನೊಂದರ ಲೆಕ್ಕ ಕೂಗುವುದಿಲ್ಲ. ಯುಪಿಐ ಎಂಬುದು ನಮ್ಮ ದೇಶದ ಬ್ಯಾಂಕುಗಳು ಕೂಡಿ ಕಟ್ಟಿದ ಹೆದ್ದಾರಿ. ಆದರೆ ಅದರ ಮೇಲೆ ಓಡುವ ವ್ಯವಹಾರದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಎರಡೇ ಕಂಪೆನಿಗಳ ಕೈಗೆ ಹೋಯಿತು. ಒಂದು ಅಮೆರಿಕದ ವಾಲ್‌ಮಾರ್ಟ್ ಬಂಡವಾಳದ ಫೋನ್‌ಪೇ, ಇನ್ನೊಂದು ಗೂಗಲ್. ಒಬ್ಬೊಬ್ಬರಿಗೆ ನೂರಕ್ಕೆ ಮೂವತ್ತೇ ಮಿತಿ ಎಂದು 2020ರಲ್ಲಿ ನಿಯಮ ಮಾಡಿದರು. ಜಾರಿ ಮಾಡುವ ದಿನ ಬಂದಾಗಲೆಲ್ಲ ಮುಂದೂಡಿದರು; 2024ರ ಡಿಸೆಂಬರಿನಲ್ಲಿ ಮತ್ತೆ ಎರಡು ವರ್ಷ ಮುಂದೆ ಹಾಕಿದರು. ಬಡವನ ಬಾಕಿಗೆ ವಾಯಿದೆ ಇಲ್ಲ, ದೊಡ್ಡವರ ಮಿತಿಗೆ ವಾಯಿದೆಯ ಮೇಲೆ ವಾಯಿದೆ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಿದುಕೊಂಡು ರಾಜ್ಯದ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಿತು. ಹಾಲು, ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ಬಾಕಿಯ ಲೆಕ್ಕ ಬಂತು. ಬೆಂಗಳೂರಿನ ಅಂಗಡಿಗಳವರು ಕ್ಯೂಆರ್ ಹಲಗೆ ಕಿತ್ತಿಟ್ಟು ನಗದು ಮಾತ್ರ ಎಂದು ಬರೆದು ಹಾಕಿದರು. ಚಳವಳಿಗೆ ಅಣಿಯಾದ ಮೇಲೆ ಮುಖ್ಯಮಂತ್ರಿಗಳು ಕರೆದು ಮಾತಾಡಿ, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದರು. ಕೊಡಬೇಕಾದ ತೆರಿಗೆ ಕೊಡಬಾರದೆಂದು ನಾನು ಹೇಳುವುದಿಲ್ಲ. ನನ್ನ ಮಾತು ಇಷ್ಟೇ: ನಿಮ್ಮ ಅಂಗಡಿಯ ಲೆಕ್ಕ ಕಂಪೆನಿಗೆ ಗೊತ್ತು, ಬ್ಯಾಂಕಿಗೆ ಗೊತ್ತು, ಇಲಾಖೆಗೆ ಗೊತ್ತು. ನೋಟೀಸು ಬರುವ ತನಕ ಗೊತ್ತಿಲ್ಲದಿದ್ದದ್ದು ನಿಮಗೆ ಮಾತ್ರ.

ಇನ್ನು ಈ ಕಂಪೆನಿಗಳ ಯಜಮಾನರ ವಿಷಯ. ಪತ್ರಿಕೆಗಳಲ್ಲಿ ಇವರನ್ನು ಋಷಿಗಳಂತೆ ವರ್ಣಿಸುತ್ತಾರೆ. ಮಕ್ಕಳ ಭಾಷಣಸ್ಪರ್ಧೆಗೆ ಇವರ ಜೀವನಚರಿತ್ರೆಯೇ ವಿಷಯ. ಇವರ ಬುದ್ಧಿಯನ್ನು ನಾನು ಹಳಿಯುವುದಿಲ್ಲ. ಆದರೆ ಎಲ್ಲರೂ ಒಂದೇ ಥರದವರಲ್ಲ. ಆ್ಯಪಲ್ ಕಟ್ಟಿದ ಇಬ್ಬರು ಸ್ಟೀವರಲ್ಲಿ ಒಬ್ಬರಾದ ವೋಜ್ನಿಯಾಕ್ 2021ರಲ್ಲಿ ರಿಪೇರಿಯ ಹಕ್ಕಿನ ಪರವಾಗಿ ಬಹಿರಂಗವಾಗಿ ಮಾತಾಡಿದರು. ತಾವು ವಿದ್ಯೆ ಕಲಿತದ್ದೇ ಯಂತ್ರಗಳ ಒಳಗು ಎಲ್ಲರಿಗೂ ತೆರೆದಿದ್ದ ಕಾಲದಲ್ಲಿ ಎಂದರು. ಅವರು ಕಟ್ಟಿದ ‘ಆ್ಯಪಲ್ 2’ ಕಂಪ್ಯೂಟರಿನ ಜೊತೆ ಒಳಗಿನ ಸರ್ಕೀಟಿನ ನಕ್ಷೆಯನ್ನೂ ಕೊಡುತ್ತಿದ್ದರು. ತಾವು ಏಣಿ ಹತ್ತಿ ಮೇಲೆ ಹೋದ ಮೇಲೆ ಕಂಪೆನಿಗಳು ಏಣಿ ಎಳೆದುಕೊಂಡವು.

ನಮ್ಮ ರಾಜ್ಯದ ದೊಡ್ಡ ಉದ್ಯಮಿ ನಾರಾಯಣಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ ಎಪ್ಪತ್ತು ತಾಸು ದುಡಿಯಬೇಕೆಂದರು. ಅದೇ ವರ್ಷ ಫೆಬ್ರುವರಿಯಲ್ಲಿ, ದಿನದ ದುಡಿಮೆಯನ್ನು ಹನ್ನೆರಡು ತಾಸಿನ ತನಕ ಒಯ್ಯಲು ಅವಕಾಶ ಕೊಡುವ ಕಾರ್ಖಾನೆ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ ಪಾಸು ಮಾಡಿತ್ತು. ಗಿರಣಿಯ ಮಿತ್ರರೇ, ಎಂಟು ತಾಸಿನ ಕೆಲಸಕ್ಕಾಗಿ ನಿಮ್ಮ ಹಿರಿಯರು ಎಷ್ಟು ದಿನ ಉಪವಾಸ ಕೂತಿದ್ದರೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಐಫೋನು ಜೋಡಿಸುತ್ತಿದ್ದ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಸಿಟ್ಟಿಗೆದ್ದ ಕೆಲಸಗಾರರು ಗಾಜು ಒಡೆದರು. ಹೆಚ್ಚಿನವರು ಗುತ್ತಿಗೆಯವರು. ಸಂಬಳ ಸರಿಯಾಗಿ ಬಂದಿಲ್ಲವೆಂಬುದು ಅವರ ದೂರು. ಗಾಜು ಒಡೆಯುವುದು ದಾರಿಯಲ್ಲ. ಆದರೆ ಆಮೇಲೆ ಕಂಪೆನಿಯೇ ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿರಲಿಲ್ಲವೆಂದು ಒಪ್ಪಿತು, ಉಪಾಧ್ಯಕ್ಷರನ್ನು ತೆಗೆಯಿತು. ಫೋನು ಮಾಡುವವನಿಗೆ ಕೂಲಿಯ ಮೇಲೆ ಹಕ್ಕಿಲ್ಲ, ಕೊಳ್ಳುವವನಿಗೆ ಫೋನಿನ ಮೇಲೆ ಹಕ್ಕಿಲ್ಲ. ಇಬ್ಬರ ಹಕ್ಕೂ ಒಂದೇ ತಿಜೋರಿಗೆ ಹೋಗಿ ಸೇರಿದೆ. ಆದ್ದರಿಂದ ಈ ಇಬ್ಬರ ಹೋರಾಟವೂ ಬೇರೆ ಬೇರೆ ಅಲ್ಲ.

ಸರಕಾರ ಏನು ಮಾಡಿದೆ ಎಂದು ನೀವು ಕೇಳಬಹುದು. ಕೆಲವು ಒಳ್ಳೆಯ ಕೆಲಸ ಆಗಿದೆ. 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಕಂಪೆನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಬಿಡಿಭಾಗವನ್ನು ಹೊರಗಿನ ಮೆಕ್ಯಾನಿಕರಿಗೆ ಸಿಗದಂತೆ ಮಾಡಿದ್ದೇ ಅವುಗಳ ಅಪರಾಧ. ಮೇಲ್ಮನವಿ, ತಡೆಯಾಜ್ಞೆಗಳಲ್ಲಿ ವರ್ಷಗಟ್ಟಲೆ ಕಳೆಯಿತು. 2022ರ ಅಕ್ಟೋಬರಿನಲ್ಲಿ ಅದೇ ಆಯೋಗ ಗೂಗಲ್ಲಿಗೆ 1,337 ಕೋಟಿ 76 ಲಕ್ಷ ರೂಪಾಯಿ ದಂಡ ವಿಧಿಸಿತು. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪುಗಳನ್ನೇ ತುಂಬಿಸಬೇಕೆಂದು ಫೋನು ಮಾಡುವವರ ಮೇಲೆ ಅದು ಕಟ್ಟುಪಾಡು ಹಾಕಿತ್ತು. 2023ರಲ್ಲಿ ಮೇಲ್ಮನವಿಯಲ್ಲಿಯೂ ದಂಡ ಉಳಿಯಿತು. ಇದೇ ಜೂಜು ಸರಕಾರವೇ ಆಡಿದರೂ ಒಪ್ಪಬಾರದು. 2025ರ ಕೊನೆಯಲ್ಲಿ ಸಂಚಾರ್ ಸಾಥಿ ಎಂಬ ಸರಕಾರಿ ಆ್ಯಪನ್ನು ಪ್ರತಿ ಹೊಸ ಫೋನಿನಲ್ಲೂ ಹಾಕಿಯೇ ಮಾರಬೇಕೆಂದು ಕೇಂದ್ರ ಆಜ್ಞೆ ಮಾಡಿತು. ದೇಶದಲ್ಲೆಲ್ಲ ಗದ್ದಲವಾಗಿ ಡಿಸೆಂಬರ್ 3ರಂದು ಆಜ್ಞೆ ಹಿಂದಕ್ಕೆ ಹೋಯಿತು. ಜನ ಕೂಗಿದರೆ ಆಜ್ಞೆ ಹಿಂದೆ ಹೋಗುತ್ತದೆ ಎಂಬ ಪಾಠ ಮಾತ್ರ ನಮಗೆ ಉಳಿಯಲಿ.

ರಿಪೇರಿಯ ಹಕ್ಕಿನ ಬಗ್ಗೆ 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ಇಲಾಖೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಪೋರ್ಟಲು ತೆರೆಯಿತು. ವಸ್ತುವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂದು ಅಂಕ ಕೊಟ್ಟು ಚೀಟಿ ಅಂಟಿಸಬೇಕೆಂದು ಇನ್ನೊಂದು ಸಮಿತಿ 2025ರ ಮೇಯಲ್ಲಿ ವರದಿ ಕೊಟ್ಟಿತು. ಸಮಿತಿ ಒಳ್ಳೆಯದು, ವರದಿ ಒಳ್ಳೆಯದು. ಆದರೆ ವರದಿಯಿಂದ ಬೀಗ ತೆರೆಯುವುದಿಲ್ಲ. ಯುರೋಪಿನಲ್ಲಿ 2025ರ ಜೂನಿನಿಂದ ನಿಯಮ ಜಾರಿಯಾಗಿದೆ: ಒಂದು ಮಾದರಿಯ ಫೋನು ಮಾರುವುದು ನಿಂತ ಮೇಲೂ ಏಳು ವರ್ಷ ಬಿಡಿಭಾಗ ಒದಗಿಸಬೇಕು. ಅಲ್ಲಿ ಮಾರುವವರೂ ಇವೇ ಕಂಪೆನಿಗಳು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಅಸಾಧ್ಯ? ಯುರೋಪಿನವನ ರೊಕ್ಕಕ್ಕೆ ಬೆಲೆ ಇದೆ, ಹೆಗಡೆಕಟ್ಟಾದವನ ರೊಕ್ಕಕ್ಕೆ ಇಲ್ಲವೇ?

ಕಂಪೆನಿಗಳ ಉತ್ತರವನ್ನೂ ಕೇಳೋಣ. ಹೊರಗಿನವರು ಬಿಚ್ಚಿದರೆ ಬ್ಯಾಟರಿ ಸಿಡಿದೀತು, ಕದ್ದ ಫೋನಿನ ಭಾಗ ಮಾರಾಟವಾದೀತು, ನಿಮ್ಮ ಗುಟ್ಟು ಕಳವಾದೀತು ಎನ್ನುತ್ತಾರೆ. ಇದರಲ್ಲಿ ನಿಜವಿಲ್ಲವೆಂದಲ್ಲ. ನಕಲಿ ಬ್ಯಾಟರಿ ಅಪಾಯಕಾರಿ. ಆದರೆ ಅಸಲು ಸಿಗದಂತೆ ಮಾಡಿದ್ದರಿಂದಲ್ಲವೇ ನಕಲಿ ಮಾರುಕಟ್ಟೆಗೆ ಬಂದದ್ದು? ಅಸಲು ಭಾಗವನ್ನು ನ್ಯಾಯವಾದ ಬೆಲೆಗೆ ಕೊಡಲಿ, ರಿಪೇರಿಯವರಿಗೆ ತರಬೇತಿ ಕೊಡಲಿ. ಕದ್ದ ಭಾಗವನ್ನು ತಡೆಯಲಿ; ಕದಿಯದ ಭಾಗವನ್ನು ಏಕೆ ತಡೆಯಬೇಕು? ಗ್ಯಾಸಿನ ಸಿಲಿಂಡರು ಅಪಾಯವೆಂದು ಯಾರೂ ಅಡುಗೆಮನೆಗೆ ಬೀಗ ಹಾಕಲಿಲ್ಲ. ಹೇಗೆ ಬಳಸಬೇಕೆಂದು ಕಲಿಸಿದರು.

ನಮ್ಮ ಸೀಮೆಯ ಅಡಿಕೆ ಸುಲಿಯುವ ಯಂತ್ರ ನೋಡಿ. ಊರ ವರ್ಕ್‌ಶಾಪಿನವನು ಅದನ್ನು ಬಿಚ್ಚಬಲ್ಲ, ಬೆಲ್ಟು ಬದಲಿಸಬಲ್ಲ, ಬ್ಲೇಡು ಮಸೆಯಬಲ್ಲ, ಬೇಕಾದರೆ ಸುಧಾರಿಸಲೂ ಬಲ್ಲ. ಸುಗ್ಗಿಯಲ್ಲಿ ಯಂತ್ರ ಕೆಟ್ಟರೆ ಸಂಜೆಯೊಳಗೆ ಸರಿಯಾಗುತ್ತದೆ. ಲೋಹಿಯಾ ಅವರು ಸಣ್ಣ ಯಂತ್ರ ಎಂದದ್ದು ಇಂಥದ್ದಕ್ಕೆ: ಮನುಷ್ಯನ ಕೈಗೆ ಸಿಗುವ, ಅವನ ಮಾತು ಕೇಳುವ ಯಂತ್ರ. ಕಂಪ್ಯೂಟರಿನಲ್ಲಿ ಕನ್ನಡ ಒಂದು ಕಂಪೆನಿಯ ಮರ್ಜಿಗೆ ಬೀಳಬಾರದೆಂದು ಪೂರ್ಣಚಂದ್ರ ತೇಜಸ್ವಿಯವರು ಕನ್ನಡದ ತಂತ್ರಾಂಶಕ್ಕಾಗಿ ಓಡಾಡಿದ್ದೂ ಇದೇ ಕಾರಣಕ್ಕೆ.

ಹಾಗಾದರೆ ನಮ್ಮ ಬೇಡಿಕೆ ಏನು? ನಾಲ್ಕು.

ಒಂದು, ಮಾರಿದ ಪ್ರತಿ ಯಂತ್ರದ ಬಿಡಿಭಾಗವೂ ನಕ್ಷೆಯೂ ನ್ಯಾಯವಾದ ಬೆಲೆಗೆ ಯಾವ ರಿಪೇರಿಯವನಿಗಾದರೂ ಸಿಗಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಸಿಗಬೇಕು.

ಎರಡು, ಅಸಲು ಭಾಗವನ್ನು ತಡೆಯುವ ಸಾಫ್ಟ್‌ವೇರಿನ ಬೀಗವನ್ನು ಕಾಯಿದೆಯಿಂದ ನಿಷೇಧಿಸಬೇಕು.

ಮೂರು, ಕೊಂಡವನ ಒಪ್ಪಿಗೆ ಇಲ್ಲದೆ ದೂರದಿಂದ ಯಂತ್ರವನ್ನು ನಿಲ್ಲಿಸುವುದು, ನಿಧಾನ ಮಾಡುವುದು, ಅಳಿಸುವುದು ಅಪರಾಧವಾಗಬೇಕು. ಬೇಡವಾದ ಆ್ಯಪನ್ನು ತೆಗೆದುಹಾಕುವ ಹಕ್ಕು ಇರಬೇಕು.

ನಾಲ್ಕು, ಕರಾರು ಒಂದು ಪುಟದಲ್ಲಿ, ಕನ್ನಡದಲ್ಲಿ ಇರಬೇಕು.

ಕಾಯಿದೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ನೆಲೆಸಿದ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪೆನಿ ಎಲ್ಲಿಯದಾದರೂ ಇರಲಿ, ನಮಗೆ ಕಾರವಾರದ ಜಿಲ್ಲಾ ಆಯೋಗ ಇದೆ. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದೂ ಇಲ್ಲ. 1915 ನಂಬರಿಗೆ ಫೋನು ಮಾಡಿ ದೂರು ಬರೆಸಬಹುದು. ಆದ್ದರಿಂದ ಬಿಲ್ಲು ಇಲ್ಲದೆ ಏನನ್ನೂ ಕೊಳ್ಳಬೇಡಿ, ಬಿಲ್ಲನ್ನು ಎಸೆಯಬೇಡಿ. ಕೊಳ್ಳುವ ಮೊದಲು ಅಂಗಡಿಯವರನ್ನು ಎರಡು ಮಾತು ಕೇಳಿ: ಬ್ಯಾಟರಿ ಬದಲಿಸಲು ಎಷ್ಟು ಖರ್ಚು? ಎಷ್ಟು ವರ್ಷ ಅಪ್‌ಡೇಟು ಬರುತ್ತದೆ? ಹತ್ತು ಗಿರಾಕಿ ಕೇಳಿದರೆ ಅಂಗಡಿಯವರು ಡೀಲರನ್ನು ಕೇಳುತ್ತಾರೆ. ನೂರು ಅಂಗಡಿ ಕೇಳಿದರೆ ಡೀಲರು ಕಂಪೆನಿಯನ್ನು ಕೇಳಲೇಬೇಕಾಗುತ್ತದೆ.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ದಲ್ಲಾಳಿಗಳ ಕಾಟ ತಾಳಲಾರದೆ ಈ ಸೀಮೆಯ ತೋಟಿಗರು 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದರು. ಅಡಿಕೆಯ ತೂಕ, ಧಾರಣೆ ಬೆಳೆದವನ ಕಣ್ಣೆದುರಿಗೆ ಬಂತು. ಗೊಬ್ಬರ, ಔಷಧಿ ತರಿಸಿ ಹಂಚುವ ನಮ್ಮ ಸಹಕಾರಿ ಸಂಘಗಳು ಪಂಪಿನ, ಕಳೆ ಕತ್ತರಿಸುವ ಯಂತ್ರದ, ಫೋನಿನ ಅಸಲು ಬಿಡಿಭಾಗವನ್ನೂ ಸಗಟಾಗಿ ತರಿಸಲಾರವೇ? ಊರಿನ ನಾಲ್ಕು ಹುಡುಗರಿಗೆ ರಿಪೇರಿಯ ತರಬೇತಿ ಕೊಡಿಸಲಾರವೇ? ಬೆಂಗಳೂರಿಗೆ ಹೋಗಿ ಹನ್ನೆರಡು ತಾಸು ದುಡಿಯುವುದಕ್ಕಿಂತ ಊರಿನಲ್ಲೇ ನಾಲ್ಕು ಜನರಿಗೆ ಬೇಕಾದವರಾಗಿ ಬಾಳುವುದು ಅವರಿಗೂ ಒಳ್ಳೆಯದು.

ಮಿತ್ರರೇ, ಕೊಳಗದ ಅಳತೆ ಸರಿಯಿಲ್ಲವೆಂದು ಮೊದಲು ಹೇಳಿದ ಗೇಣಿದಾರನಿಗೆ ಕಾಯಿದೆ ಗೊತ್ತಿರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ. ತಾನು ಬೆಳೆದ ಭತ್ತ ಎಷ್ಟೆಂಬುದು ಮಾತ್ರ ಅವನಿಗೆ ಗೊತ್ತಿತ್ತು. ಯಂತ್ರದ ಒಳಗು ನಮಗೆ ತಿಳಿಯದಿದ್ದರೂ, ಅದಕ್ಕೆ ಕೊಟ್ಟ ಹಣ ಎಷ್ಟೆಂದು ನಮಗೆ ಗೊತ್ತಿದೆ. ಕೇಳುವುದಕ್ಕೆ ಅಷ್ಟು ಸಾಕು. ನಾಲ್ಕೂ ಬೇಡಿಕೆಗಳ ಠರಾವು ಈ ಸಭೆಯ ಮುಂದಿದೆ. ಅದನ್ನು ಚರ್ಚಿಸಿ, ತಿದ್ದಬೇಕಾದರೆ ತಿದ್ದಿ, ಸರಿ ಕಂಡರೆ ಕೈ ಎತ್ತಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.